ನೆಲ ಅನ್ನೂದು ಒಂದು ಷರತ್ತು

ರಬಕವಿಯ ನೂಲಿನ ಅಂಗಡಿಯೊಳಗ
ಹತ್ತೊಂಬತ್ತು ವರ್ಷದಿಂದ ಲೆಕ್ಕ ಬರೀತೀನಿ.
ಮೊದಲು ಕೆಂಪು ರಟ್ಟಿನ ಕಿರ್ದಿ,
ಈಗ ಪರದೆ ತುಂಬ ಚೌಕಳಿ ಸೀರೆ ಹಾಸಿಧಂಗ ಎಕ್ಸೆಲ್.
ಎಡಕ್ಕ ಬಂದ ನೂಲು, ಬಲಕ್ಕ ಹೋದ ನೂಲು,
ಕೆಳಗ ಉಳಿದದ್ದು.

ಕಂಡಿಕಿ ಸುತ್ತೂ ಮಹಾದೇವಿಯ ಮಗಳು ನೀಲಾಂಬಿಕಾ
ಸಾಲಿ ಬಿಟ್ಟ ಮ್ಯಾಲೆ ಇಲ್ಲೇ ಕೂಡ್ತಾಳ,
ಹಸಿರು ರಬ್ಬರ ಚೆಂಡು ಶಾಬಾದಿ ಕಲ್ಲಿಗೆ ಬಡಕೋತ.
ಮಗ್ಗದ ಸಪ್ಪಳದಾಗ ಚೆಂಡಿನ ಸಪ್ಪಳ ಕೇಳೂದಿಲ್ಲ,
ಏಳೂದು ಬೀಳೂದಷ್ಟೇ ಕಾಣತೈತಿ.
"ಅಕ್ಕಾರ, ನಿಮ್ಮ ಲೆಕ್ಕದಾಗ ಇದನ್ನ ಕುಣಸಾಕ ಬರತೈತೇನ್ರಿ?"

ಬರತೈತಿ ಅಂದೆ. ಯಾಕ ಅಂದೆನೋ.
ಮೂರು ಕಾಲಮ್ಮು: ಹೊತ್ತು, ಎತ್ತರ, ವೇಗ.
ಹೊತ್ತನ್ನ ಸೆಕೆಂಡಿಗೆ ಇಪ್ಪತ್ತು ಚೂರು ಮಾಡಿದಿವಿ.
ಚೂರಿಗೊಂದು ಸಾಲು.
ಪ್ರತಿ ಸಾಲಿಗೂ ಭೂಮಿ ವೇಗದೊಳಗಿಂದ
ಸೊನ್ನೆ ಪಾಯಿಂಟ್ ನಾಲ್ಕೊಂಬತ್ತು ಮುರಕೋತೈತಿ,
ದಲಾಲಿ ಇದ್ದಂಗ, ಒಂದು ದಿನಾನೂ ಬಿಡದ.

ಮೊದಲನೇ ಸಲ ಒಂದೂವರೆ ಮೀಟರಿನಿಂದ ಬಿಟ್ಟ ಚೆಂಡು
ನೆಲ ದಾಟಿ ಕೆಳಗ ಹೋತು.
ಶಾಬಾದಿ ಕಲ್ಲು, ಕರಿ ಮಣ್ಣು, ಬೋರಿನ ನೀರು ದಾಟಿ
ನಾನೂರನೇ ಸಾಲಿನಾಗ ಎರಡು ಕಿಲೋಮೀಟರ್ ಪಾತಾಳ.
ಹುಡುಗಿ ಬಗ್ಗಿ ಟೇಬಲ್ಲಿನ ಬುಡಕ ನೋಡಿದಳು.
ನನಗ ಆವಾಗ ತಿಳೀತು,
ನೆಲ ಐತಿ ಅನ್ನೂದನ್ನ ಇದಕ್ಕ ಯಾರೂ ಹೇಳಿಲ್ಲ.
ಮನಿಶಾ ಹುಟ್ಟಿದ ಕೂಡ್ಲೇ ಬಿದ್ದು ಕಲೀತಾನ,
ಇದಕ್ಕ ಬರದು ಕೊಡಬೇಕು:
ಎತ್ತರ ಸೊನ್ನೆಗಿಂತ ಕಡಿಮಿ ಆದರ
ವೇಗದ ಮುಖ ತಿರುಗಸು,
ಅದರಾಗ ಎಂಟಾಣೆ ಅಲ್ಲ, ಹದಿನಾರಾಣೆ ಅಲ್ಲ,
ಹತ್ತರಾಗ ಎಂಟು ಪಾಲು ಇಟಗೋ.

ಕೈ ತಪ್ಪಿ ಒಂದು ಪಾಯಿಂಟ್ ಸೊನ್ನೆ ಎಂಟು ಹೊಡೆದೆ.
ಚೆಂಡು ಬಿದ್ದಷ್ಟೂ ಮ್ಯಾಲೆ ಎದ್ದಿತು,
ತಗಡು, ನೀರಿನ ಟಾಕಿ, ಮಠದ ಶಿಖರ.
ಹಿಂದ ಬಂದು ನಿಂತಿದ್ದ ಸಾವಕಾರರು ನಕ್ಕರು:
"ಇದಕ್ಕ ಯಾವ ಸೊಸೈಟಿ ಬಡ್ಡಿ ಹಾಕೇದವಾ?"
ತಿದ್ದಿದೆ.

ಈಗ ಪರದೆ ಮ್ಯಾಲೆ ಗುಡ್ಡ, ಸಣ್ಣ ಗುಡ್ಡ, ದಿಬ್ಬ, ಇರುವಿ ಗೂಡು.
ನಾನು ಸಣ್ಣಾಕಿ ಇದ್ದಾಗ
ಅಪ್ಪ ಮಗ್ಗದ ಕೆಳಗಿನ ಹರಕು ನೂಲು ಸುತ್ತಿ
ಚೆಂಡು ಮಾಡಿ ಕೊಟ್ಟಿದ್ದ. ಅದು ಪುಟಿಯೂದಿಲ್ಲ.
ಆ ಚೌಕದಾಗ ಎಂಟು ಅಳಿಸಿ ಸೊನ್ನೆ ಪಾಯಿಂಟ್ ಒಂದು ಹಾಕಿ ನೋಡಿದೆ:
ಒಂದು ಗೆರಿ ಬಿತ್ತು, ಉದ್ದಕ್ಕ ಮಲಗಿತು.
ಅದೇ ಚೆಂಡು ಅದು. ಯಾರಿಗೂ ಹೇಳಲಿಲ್ಲ,
ಮತ್ತ ಎಂಟು ಬರದೆ.

"ಅಕ್ಕಾರ, ಕಡೀಕ ಇದು ನಿಂತೈತೋ ಇಲ್ಲೋ?"
ಕೆಳಗಿನ ಸಾಲಿನ ಅಂಕಿ ನಡಗತಾವು,
ಕೂದಲೆಳಿ ಮ್ಯಾಲೆ, ಕೂದಲೆಳಿ ಕೆಳಗ.
ಸೊನ್ನೆ ಅನ್ನಾಕ ಬಾಯಿ ಬರವಲ್ದು.
ನಾನು ಉತ್ತರ ಹುಡುಕೂದರೊಳಗ

ಕರೆಂಟ್ ಹೋತು.
ಬ್ಯಾಟರಿ ಹೋಗಿ ಆರು ತಿಂಗಳಾತು, ಪರದೀನೂ ಹೋತು.
ಓಣಿಯ ಅಷ್ಟೂ ಮಗ್ಗ ಒಮ್ಮೆಲೆ ನಿಂತವು,
ಲಾಳಿ ಎಲ್ಲಿದ್ದವೋ ಅಲ್ಲೇ.
ಆ ಕತ್ತಲದಾಗ ಆಕಿ ಕೈ ಬಿಟ್ಟಳು.
ಟಪ್.
ನಾ ಇಷ್ಟು ವರ್ಷದಾಗ ಕೇಳಿರಲಿಲ್ಲ ಅದನ್ನ.
ಟಪ್.
ಟಪ್. ಟಪ್ ಟಪ್ ಟಪ್
ಆಮ್ಯಾಲೆ ಎಣಿಸಾಕ ಆಗದಂಥ ಒಂದು ಗುರಗುರ,
ಕಲ್ಲಿನ ಮ್ಯಾಲೆ ಉರುಳಿದ ಸಪ್ಪಳ, ಇಲ್ಲ.
"ನಿಂತಿತ್ರಿ" ಅಂದಳು ಕತ್ತಲದೊಳಗಿಂದ.

ಕರೆಂಟ್ ಬಂದಾಗ ಲೆಕ್ಕ ಉಳಿದಿರಲಿಲ್ಲ, ಉಳಿಸಿಟ್ಟಿರಲಿಲ್ಲ.
ಚೆಂಡೂ ಸಿಗಲಿಲ್ಲ.

ತಿಂಗಳ ಕಡೀಕ ಸ್ಟಾಕ್ ಎಣಿಸುವಾಗ
ನಲವತ್ತರ ಕೌಂಟಿನ ಚೀಲದ ಹಿಂದ ಹಸಿರು ಕಂಡಿತು,
ನೂಲಿನ ಧೂಳು ಮೆತ್ತಿ ನರೆತಿತ್ತು.
ಚೀಲ ಅರವತ್ತೆರಡು, ಬಿಡಿ ಕೋನು ಹದಿನೇಳು.
ಅದರ ಕೆಳಗ, ಯಾಕೋ, ಚೆಂಡು ಒಂದು ಅಂತ ಬರದೆ.
ಕೌಂಟಿನ ಚೌಕದಾಗ
ಬೆರಳು ಹೊತ್ತು ನಿಂತು, ಎಂಟು ಹೊಡೆದು,
ಅದರ ಹಿಂದ ಒಂದು ಚುಕ್ಕಿ ಇಟ್ಟೆ.